ಇಂಗ್ಲಿಷಿನಲ್ಲಿ ಸರಿ ಉಂಟು

ಮಧ್ಯಾಹ್ನ ಮೊದಲ ಸಲ ಬಂದಿದ್ದ ನೆಂಟರು ನೀರು ಕುಡಿದು ಬೆಲ್ಲ ಬಿಟ್ಟು ಹೋಗಿದ್ದರು. ಸಕ್ಕರೆ ಕಾಯಿಲೆಯಂತೆ. ಅದನ್ನು ಅವರು ಹೇಳಿದ ಠೀವಿ ನೋಡಿದರೆ ಸರಕಾರ ಏನೋ ಪದವಿ ಕೊಟ್ಟಿದೆ ಅನಿಸಬೇಕು. ಚಾವಡಿಯ ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಬೆಲ್ಲದ ತುಂಡು, ಅದರ ಸುತ್ತ ಕಾರ್ಕಳ ತಾಲೂಕಿನ ಸಮಸ್ತ ಇರುವೆಗಳು. ಅಮ್ಮ ಒಳಗಿನಿಂದ ತೆಗೆದಿಡು ಎಂದು ಕೂಗುತ್ತಲೇ ಇದ್ದಳು. ನಾನು ಓದುತ್ತಿದ್ದೇನೆ ಎಂದು ಕೂಗುತ್ತಲೇ ಇದ್ದೆ. ಪುಸ್ತಕ ತಲೆಕೆಳಗಾಗಿತ್ತು ಎಂಬುದು ಬೇರೆ ವಿಷಯ.

ಆಗ ಬಂದಳು ವನಿತಾ. ಸೋದರಮಾವನ ಮಗಳು, ಆರನೇ ಕ್ಲಾಸು, ಎರಡು ಜಡೆ, ಎರಡಕ್ಕೂ ಬೇರೆ ಬೇರೆ ಬಣ್ಣದ ರಿಬ್ಬನ್. ಶಾಲೆಯಲ್ಲಿ ಇಂಗ್ಲಿಷ್ ಭಾಷಣ ಸ್ಪರ್ಧೆಯಂತೆ.

“ಅಕ್ಕಾ, ಈ ‘ಎ’ ಯಾವಾಗ, ‘ದಿ’ ಯಾವಾಗ? ಟೀಚರ್ ಹೇಳಿದ್ದು ಎಂತದೂ ತಲೆಗೆ ಹೋಗ್ಲಿಲ್ಲ.”

ನಾನು ದಿನಾ ಬಸ್ಸು ಹತ್ತಿ ಉಡುಪಿಗೆ ಹೋಗಿ ಪಿಯುಸಿ ಓದುವವಳು. ಈ ಮನೆಯಲ್ಲಿ ಇಂಗ್ಲಿಷ್ ಎಂದರೆ ನಾನು, ನಾನೆಂದರೆ ಇಂಗ್ಲಿಷ್. ಈ ತಪ್ಪು ಕಲ್ಪನೆಯನ್ನು ನಾನಾಗಿ ಹುಟ್ಟಿಸಿದ್ದಲ್ಲ. ನೀರು ಹಾಕಿ ಬೆಳೆಸಿದ್ದು ಮಾತ್ರ. ತಟ್ಟೆ ಎತ್ತಿ, ಇರುವೆ ಊದಿ, ಬೆಲ್ಲ ತೋರಿಸಿದೆ.

“ನೋಡು. ಗುರುತಿಲ್ಲದವ ಮೊದಲ ಸಲ ಮನೆಗೆ ಬಂದ. ಎಂತ ಕೊಡ್ತೇವೆ?”

“ಬೆಲ್ಲ, ನೀರು.”

“ಅವ ‘ಎ’. ಅವನೇ ಇನ್ನೊಂದು ಸಲ ಬಂದ. ಗುರುತಾಯ್ತು. ಆಗ?”

“ಚಾ.”

“ಅವ ‘ದಿ’. ಬೆಲ್ಲ ಕೊಟ್ಟರೆ ‘ಎ’, ಚಾ ಕೊಟ್ಟರೆ ‘ದಿ’.”

“ಅಷ್ಟೇಯಾ?” ಎಂದಳು. ಮೂರು ತಿಂಗಳಿನಿಂದ ಟೀಚರಿಗೆ ಮಾಡಲಾಗದ್ದನ್ನು ಒಂದು ಬೆಲ್ಲದ ತುಂಡು ಮಾಡಿತು. ಅವಳು ಅಂಗಳಕ್ಕೆ ಓಡಿ ತುಳಸಿಕಟ್ಟೆಯ ಎದುರು ಭಾಷಣ ಬಾಯಿಪಾಠ ಮಾಡತೊಡಗಿದಳು. ನಾನು ನನ್ನ ಭುಜ ನಾನೇ ತಟ್ಟಿಕೊಳ್ಳಬೇಕೆಂದಿದ್ದೆ. ಕೈ ಮೇಲೆ ಹೋಗಲಿಲ್ಲ. ಆ ಬೆಲ್ಲದ ಪಾಠ ನನ್ನದಲ್ಲ. ಅದು ಮೊದಲು ನಾವಿದ್ದ ಕಾಪುವಿನದು, ಘಟ್ಟದ ಸರ್‌ದು. ಅದರಲ್ಲಿ ಮೂರನೆಯ ಭಾಗವೊಂದು ಇತ್ತು, ಅದನ್ನು ವನಿತಾಗೆ ಹೇಳದೆ ಬಿಟ್ಟೆ. ನಿಮಗೆ ಹೇಳುತ್ತೇನೆ. ನೀವು ನಮ್ಮ ಮನೆಯವರಲ್ಲವಲ್ಲ.

ಘಟ್ಟದ ಸರ್ ತುಮಕೂರಿನ ಕಡೆಯವರು. ಹೆಸರು ಶಿವಣ್ಣ. ಘಟ್ಟದ ಮೇಲಿನಿಂದ ಬಂದವರಿಗೆ ನಮ್ಮೂರಿನಲ್ಲಿ ಬೇರೆ ಹೆಸರು ಬೇಕಾಗುವುದಿಲ್ಲ. ನಾವು ಏಳನೇ ಕ್ಲಾಸಿನಲ್ಲಿದ್ದಾಗ ಇಂಗ್ಲಿಷ್ ಕಲಿಸಲು ಕಾಪುವಿಗೆ ಬಂದು, ಕಡಲತೀರದ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಒಂದು ಕೋಣೆ ಹಿಡಿದರು. ಪಾಪ, ಅದು ಮೀನು ಒಣಗಿಸುವ ದಾರಿ ಎಂದು ಬಾಡಿಗೆ ಮಾತಾಡಿದವರು ಹೇಳಿರಲಿಲ್ಲ. ಗಾಳಿ ಪಶ್ಚಿಮದಿಂದ ಬೀಸಿದರೆ ಸರ್ ಮೂಗಿಗೆ ಕರ್ಚೀಫು ಕಟ್ಟಿ ಪಾಠ ಮಾಡುತ್ತಿದ್ದರು. ಕಾಪುವಿನಲ್ಲಿ ಗಾಳಿ ಪಶ್ಚಿಮದಿಂದಲ್ಲದೆ ಮತ್ತೆಲ್ಲಿಂದ ಬೀಸುತ್ತದೆ? ಕುಚ್ಚಲಕ್ಕಿ ಗಂಜಿ ನೋಡಿ, “ಇದೇನಪ್ಪ, ಅಕ್ಕಿ ಇನ್ನೂ ಬೆಂದೇ ಇಲ್ವಲ್ಲ!” ಎಂದು ಹೋಟೆಲಿನವನ ಹತ್ತಿರ ಜಗಳ ತೆಗೆದಿದ್ದರಂತೆ.

ಅವರು ನಮ್ಮ ಮನೆಗೆ ಮೊದಲು ಬಂದದ್ದು ನನ್ನ ಮೇಲೆ ದೂರು ಹೇಳಲು. ನಾನು ಕ್ಲಾಸಿನಲ್ಲಿ ಅವರ ಮಾತಿನ ಧಾಟಿ ಅನುಕರಿಸುತ್ತೇನೆ ಎಂಬ ದೂರು. (ಅದು ಸುಳ್ಳು. ನಾನು ನಡಿಗೆಯನ್ನೂ ಅನುಕರಿಸುತ್ತಿದ್ದೆ.) ಅಮ್ಮ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು. ಸರ್ ಬೆಲ್ಲವನ್ನೂ ನೋಡಿದರು, ನೀರನ್ನೂ ನೋಡಿದರು. ಆಮೇಲೆ ಬೆಲ್ಲವನ್ನು ಎತ್ತಿ ನೀರಿಗೆ ಹಾಕಿ ಬೆರಳಿನಲ್ಲಿ ತಿರುಗಿಸತೊಡಗಿದರು. ಬೆಲ್ಲವೇನು ಅಷ್ಟು ಬೇಗ ಕರಗುತ್ತದೆಯೇ? ಅಪ್ಪ ಆರಾಮಕುರ್ಚಿಯಲ್ಲಿ ಕೂತು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, “ಇನ್ನು ಸ್ವಲ್ಪ ಹೊತ್ತು ತಿರುಗಿಸಬೇಕು ಮಾಷ್ಟ್ರೇ” ಎಂದರು. ಸರ್ ತಿರುಗಿಸಿದರು. ದೂರು ಮರೆತೇ ಹೋಯಿತು.

ಎರಡನೆಯ ಸಲ ಬಂದಾಗ ಅಮ್ಮ ನೇರ ಚಾ ಕೊಟ್ಟಳು. “ಇವತ್ತು ಬೆಲ್ಲ ಇಲ್ವೇ?” ಎಂದು ಸರ್ ಕೇಳಿದರು. ಅಪ್ಪ ಹೇಳಿದರು: “ಬೆಲ್ಲ ಹೊಸಬರಿಗೆ. ನೀವು ಈಗ ಗುರುತಿನವರಲ್ವಾ?”

ಮರುದಿನ ಕ್ಲಾಸಿಗೆ ಬಂದವರೇ ಬೋರ್ಡಿನ ಮೇಲೆ ದೊಡ್ಡ ಚೊಂಬು ಬರೆದರು. ಬೆಲ್ಲ ಕೊಟ್ಟರೆ ‘ಎ’, ಚಾ ಕೊಟ್ಟರೆ ‘ದಿ’. “ಮನೆಯವನು ಮನೆಗೆ ಬಂದ್ರೆ?” ಎಂದು ಕೇಳಿದರು. ಉತ್ತರವನ್ನೂ ಅವರೇ ಹೇಳಿದರು: “ಅವನಿಗೆ ಬೆಲ್ಲವೂ ಇಲ್ಲ, ಚಹಾನೂ ಇಲ್ಲ. ಅವನೇ ಒಳಗೆ ಹೋಗಿ ಬೇಕಾದ್ದು ತಗೋತಾನೆ. ಅವನ ಹಿಂದೆ ಎ ಬೇಡ, ದಿ ಬೇಡ. ಮೈ, ಅವರ್, ಫಾದರ್ಸ್ — ಇಷ್ಟೇ. ಯಾರ ಮನೆಯೋ ಅವನ ಹೆಸರು ಸಾಕು.” ಇದು ಮೂರನೆಯ ಭಾಗ.

ಪಾಠ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮ ಮನೆಯ ಬಗ್ಗೆ ಹೇಳಿ ಎಂದರು. ಮೊದಲು ಎದ್ದವ ಸದಾನಂದ.

“ಮೈ ಅಂಕಲ್ಸ್ ಹೌಸ್ ಈಸ್ ಎ ಬಿಗ್ ಹೌಸ್.”

“ಅಂಕಲ್ ಯಾಕೋ? ನಿಮ್ಮಪ್ಪ ಎಲ್ಲಿ?”

“ಅಪ್ಪ ಅವರ ಮನೆಯಲ್ಲಿ ಸರ್.”

“ಅವರ ಮನೆ ಅಂದ್ರೆ?”

“ಅವರ ಅಮ್ಮನ ಮನೆ. ಶನಿವಾರ ನಮ್ಮಲ್ಲಿಗೆ ಬರ್ತಾರೆ ಸರ್.”

ಸರ್ ಏನೋ ಗುಟ್ಟಿನ ಸಂಸಾರದ ವಿಷಯ ಕೆದಕಿದೆನೆಂದು ಗಾಬರಿಯಾಗಿ ಅವನನ್ನು ಕೂರಿಸಿದರು. ಮುಂದಿನವಳು ಎದ್ದಳು: ಮೈ ಅಂಕಲ್ಸ್ ಹೌಸ್. ಅದರ ಮುಂದಿನವ: ಮೈ ಅಂಕಲ್ಸ್ ಹೌಸ್. ಬ್ಯಾರಿ ಮುಸ್ಲಿಮರ ಜೊಹರಾ ಎದ್ದು ಮೈ ಮದರ್ಸ್ ಹೌಸ್ ಎಂದಳು. ಸರ್ ಚಾಕ್‌ಪೀಸು ಕೆಳಗಿಟ್ಟು ತಲೆಗೆ ಕೈ ಹೊತ್ತರು.

“ಅಲ್ಲ ಕಣ್ರೋ, ಈ ಊರಲ್ಲಿ ಯಾರಿಗೂ ಅಪ್ಪ ಇಲ್ವೇನ್ರೋ?”

ಅಪ್ಪಂದಿರು ಇದ್ದರು. ಮನೆ ಅವರದ್ದಾಗಿರಲಿಲ್ಲ, ಅಷ್ಟೆ. ನಮ್ಮದು ಅಳಿಯಕಟ್ಟು. ಆಸ್ತಿ ಅಪ್ಪನಿಂದ ಮಕ್ಕಳಿಗೆ ಹೋಗುವುದಿಲ್ಲ. ಅಮ್ಮನಿಂದ ಮಗಳಿಗೆ ಹೋಗುತ್ತದೆ. ಮನೆಯ ಯಜಮಾನಿಕೆ ಮಾವನಿಂದ ಅವನ ತಂಗಿಯ ಮಗನಿಗೆ. ಮನೆ ಎಂದರೆ ಅಮ್ಮ ಹುಟ್ಟಿದ ಮನೆ, ಅಪ್ಪ ಅಲ್ಲಿ ಗೌರವದ ನೆಂಟ. ಈ ಕಟ್ಟು ಇನ್ನಿಲ್ಲ ಎಂದು ದಿಲ್ಲಿಯಲ್ಲಿ ಕಾನೂನು ಆದದ್ದು ನಾವೆಲ್ಲ ಹುಟ್ಟುವುದಕ್ಕೂ ಮೊದಲಿನ ಮಾತು. ಆದರೆ ಆ ಕಾನೂನು ಘಟ್ಟ ಇಳಿಯುವಾಗ ಬಸ್ಸು ಕೆಟ್ಟು ನಿಂತಿರಬೇಕು. ಊರಿನಲ್ಲಿ ಯಾರೂ ಅದರ ಮುಖ ನೋಡಿದವರಿರಲಿಲ್ಲ.

ನನ್ನ ಸರದಿ ಬಂತು. ನಾನು ಸುತ್ತಲೂ ನೋಡಿದೆ. ಸರ್‌ಗೆ ಎಂತ ಬೇಕೆಂದು ಕುರುಡನಿಗೂ ಗೊತ್ತಾಗುವಂತಿತ್ತು. ಗಂಟಲು ಸರಿಮಾಡಿಕೊಂಡು, ಎರಡೂ ಕೈ ಹಿಂದೆ ಕಟ್ಟಿ, ದೀಪಸ್ತಂಭದ ತುದಿಗೂ ಕೇಳಿಸುವ ಹಾಗೆ ಹೇಳಿದೆ:

“ಮೈ ಫಾದರ್ಸ್ ಹೌಸ್ ಈಸ್ ಎ ಬಿಗ್ ಹೌಸ್. ದಿ ಹೌಸ್ ಈಸ್ ನಿಯರ್ ದಿ ಸೀ.”

“ಶಹಬ್ಬಾಸ್!” ಎಂದು ಸರ್ ಮೇಜು ಗುದ್ದಿದರು. ನನ್ನನ್ನು ಬೆಂಚಿನ ಮೇಲೆ ಹತ್ತಿಸಿ ಇನ್ನೊಮ್ಮೆ ಹೇಳಿಸಿದರು. ಇಡೀ ಕ್ಲಾಸು ನನ್ನ ಹಿಂದೆ ಹೇಳಿತು. ಸದಾನಂದ ಕೆಳಗಿನಿಂದ ನನ್ನ ಲಂಗದ ಅಂಚು ಎಳೆದು, “ಅದು ನಿನ್ನ ಮಾಮಿಯ ಮನೆ ಅಲ್ವಾ ಮಾರಾಯ್ತಿ?” ಎಂದು ಪಿಸುಗುಟ್ಟಿದ. ನಾನು ಕಾಲಿನಿಂದ ಅವನ ಕೈ ಒದ್ದೆ.

ಅವ ಹೇಳಿದ್ದು ಸರಿಯೇ. ಕಾಪುವಿನ ಮನೆ ಅಪ್ಪನ ಅಕ್ಕನದ್ದು, ಎಂದರೆ ನನ್ನ ಮಾಮಿಯದ್ದು. ಮಾಮಿ ಗಂಡನ ಜೊತೆ ಉಡುಪಿಯಲ್ಲಿದ್ದರು, ಅವರ ಮಗ ಪ್ರಭಾಕರ ಬೊಂಬಾಯಿಯಲ್ಲಿ. ಮನೆ, ತೋಟ ನೋಡಿಕೊಳ್ಳಲು ಒಂದು ಗಂಡಸು ಬೇಕಲ್ಲ, ಅದು ಅಪ್ಪ. ಅಪ್ಪನನ್ನು ನೋಡಿಕೊಳ್ಳಲು ಅಮ್ಮ ಕಾರ್ಕಳದ ತನ್ನ ಮನೆ ಬಿಟ್ಟು ಬಂದಿದ್ದಳು. ಇಬ್ಬರನ್ನೂ ಕಾಡಲು ನಾನು ಅಲ್ಲೇ ಹುಟ್ಟಿದೆ. ಬಾವಿಯ ಮೆಟ್ಟಿಲಲ್ಲಿ ಯಾವುದು ಜಾರುತ್ತದೆ, ಅಟ್ಟದ ಯಾವ ಹಲಗೆ ಕಿರುಗುಟ್ಟುತ್ತದೆ, ಎಲ್ಲ ನನಗೆ ಗೊತ್ತು, ಮಾಮಿಗೆ ಗೊತ್ತಿಲ್ಲ. ಆದರೂ ಮನೆ ಮಾಮಿಯದ್ದು.

ಆ ಭಾನುವಾರ ಮಾಮಿ ಉಡುಪಿಯಿಂದ ಬಂದಿದ್ದರು. ಊಟವಾಗಿತ್ತು, ಎಲ್ಲರೂ ಚಾವಡಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಇಂಥ ಸಭೆ ಸಿಕ್ಕಿದರೆ ನಾನು ಬಿಡುವವಳಲ್ಲ. ಎದ್ದು ನಿಂತು ಕೈ ಹಿಂದೆ ಕಟ್ಟಿ ನನ್ನ ಎರಡು ವಾಕ್ಯ ಒಪ್ಪಿಸಿದೆ.

“ಎಂತದು ಅದು? ನಮ್ಮ ಭಾಷೆಯಲ್ಲಿ ಹೇಳು,” ಎಂದರು ಮಾಮಿ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಹೇಳಿದೆ. ಇಲ್ಲಿ ನಿಮಗಾಗಿ ಕನ್ನಡದಲ್ಲಿ: ನನ್ನ ಅಪ್ಪನ ಮನೆ ದೊಡ್ಡ ಮನೆ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಾಮಿಯ ಬೆರಳು ನಿಂತಿತು. ಅಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋಗಲು ಹೊರಟವಳು ಬಾಗಿಲಿನಲ್ಲೇ ನಿಂತಳು.

“ಯಾರು ಕಲಿಸಿದ್ದು ಇದನ್ನು?” ಮಾಮಿ ಕೇಳಿದ್ದು ನನ್ನನ್ನು, ನೋಡಿದ್ದು ಅಮ್ಮನನ್ನು.

“ನಮ್ಮ ಸರ್.”

“ಎಲ್ಲಿಯವರು?”

“ಘಟ್ಟದ ಮೇಲಿನವರು.”

“ಹಾಗೆ ಹೇಳು,” ಎಂದು ಮಾಮಿ ಸುಣ್ಣ ಹಚ್ಚುವುದನ್ನು ಮುಂದುವರಿಸಿದರು. ಅಮ್ಮನ ಕೈಯ ಪಾತ್ರೆಗಳು ಮಾತ್ರ ಅಡಿಗೆಮನೆ ತಲಪುವವರೆಗೂ ಸಣ್ಣಗೆ ಸದ್ದು ಮಾಡುತ್ತಲೇ ಹೋದವು.

ಸಂಜೆ ತೆಂಗಿನ ಬುಡಗಳಿಗೆ ನೀರು ಬಿಡುವಾಗ ಅಪ್ಪನನ್ನು ಕೇಳಿದೆ, ನಾನು ಹೇಳಿದ್ದು ತಪ್ಪಾ ಎಂದು. ಅಪ್ಪ ಹಾರೆಯಿಂದ ಒಂದು ನೀರಿನ ಕಣಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆರೆದರು. ನೀರು ತಿರುಗಿ ಹರಿಯುವುದನ್ನು ನೋಡುತ್ತ ಹೇಳಿದರು: “ಇಂಗ್ಲಿಷಿನಲ್ಲಿ ಸರಿ ಉಂಟು, ಮಗಾ.”

ಅಪ್ಪ ಹೋದದ್ದು ಮುಂದಿನ ಮಳೆಗಾಲ ಮುಗಿದ ಮೇಲೆ. ಇದನ್ನೂ ನಗೆಯಲ್ಲಿ ಹೇಳಬಹುದೇ ಎಂದು ನೋಡುತ್ತೇನೆ. ಅಪ್ಪ ಇದ್ದಿದ್ದರೆ ಹಾಗೆಯೇ ಹೇಳುತ್ತಿದ್ದರು. ಕಾಪುವಿನಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿಗೆ ಕಾಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು ನಿಮಗೆ ಗೊತ್ತು. ಹೆಸರು ಎಕ್ಸ್‌ಪ್ರೆಸ್, ನಾಯಿ ಬಾಲ ಅಲ್ಲಾಡಿಸಿದರೂ ನಿಲ್ಲಿಸುತ್ತಾರೆ. ಆ ದಿನ ಕಂಡಕ್ಟರು ಅಪ್ಪನನ್ನು ಉದ್ದ ಸೀಟಿನಲ್ಲಿ ಮಲಗಿಸಿ ಒಂದೇ ಸಮನೆ ವಿಸಿಲ್ ಊದಿದನಂತೆ. ಕಟಪಾಡಿಯಲ್ಲಿ ನಿಲ್ಲಿಸಲಿಲ್ಲ, ಉದ್ಯಾವರದಲ್ಲಿ ನಿಲ್ಲಿಸಲಿಲ್ಲ, ಉಡುಪಿಯಲ್ಲೂ ನಿಲ್ಲಿಸಲಿಲ್ಲ. ಪೇಟೆಗೆ ಹೊರಟಿದ್ದವರೆಲ್ಲ, ಮೀನಿನ ಬುಟ್ಟಿಯ ಹೆಂಗಸರ ಸಮೇತ, ತುಟಿಪಿಟಿಕ್ಕೆನ್ನದೆ ಮಣಿಪಾಲದ ಆಸ್ಪತ್ರೆಯ ಬಾಗಿಲಿಗೆ ಹೋಗಿ ಇಳಿದರು. ಆ ಬಸ್ಸು ತನ್ನ ಹೆಸರಿಗೆ ತಕ್ಕಂತೆ ಓಡಿದ್ದು ಅದೊಂದೇ ದಿನವಿರಬೇಕು.

ಅಮ್ಮ, ನಾನು ಹಿಂದೆಯೇ ಬಂದ ಬಸ್ಸಿನಲ್ಲಿ ಹೋದೆವು. ಅಲ್ಲಿ ಡಾಕ್ಟರು, ನರ್ಸು ಎಲ್ಲ ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನನಗೆ ಪೂರ್ತಿ ಅರ್ಥವಾಗದಿದ್ದರೂ ಕಿವಿ ಸಣ್ಣ ಶಬ್ದಗಳನ್ನು ಹುಡುಕುತ್ತಿತ್ತು. ಸರ್ ಮಾಡಿಸಿದ ಅಭ್ಯಾಸ. ಮೊದಲು ಒಬ್ಬರು ‘ಎ ಪೇಷೆಂಟ್’ ಎಂದರು. ಸ್ವಲ್ಪ ಹೊತ್ತಿಗೆ ‘ದಿ ಪೇಷೆಂಟ್’ ಆಯಿತು. ಗುರುತಾಯಿತು, ಇನ್ನು ಚಾ ಕೊಡುತ್ತಾರೆ ಎಂದುಕೊಂಡೆ. ಸಂಜೆಗೆ ‘ದಿ ಬಾಡಿ’ ಎಂದರು. ಒಂದೇ ದಿನದಲ್ಲಿ ಅಪ್ಪನಿಗೆ ಇಷ್ಟು ಬಡ್ತಿ.

ಬಿಳಿ ಬಟ್ಟೆಯವನೊಬ್ಬ ಬಾಗಿಲಿಗೆ ಬಂದು ಕನ್ನಡದಲ್ಲಿ ಕೇಳಿದ: “ಇವರ ಮನೆಯವರು ಯಾರು?”

ಅಮ್ಮ ಬೆಂಚಿನಿಂದ ಎದ್ದಳು. ಎದ್ದವಳು ಹಾಗೆಯೇ ಒಂದು ಹೆಜ್ಜೆ ಹಿಂದೆ ಸರಿದಳು. ಮಾಮಿ ಉಡುಪಿಯಿಂದ ಬಂದಾಗಿತ್ತು. ಕಣ್ಣೊರೆಸಿಕೊಂಡು ಮುಂದೆ ಹೋಗಿ, “ನಾನು” ಎಂದರು. ಯಾರೂ ಯಾರನ್ನೂ ದೂಡಲಿಲ್ಲ. ಅಪ್ಪ ಹುಟ್ಟಿದ ಮನೆಯವರು ಮಾಮಿಯೇ. ಅಪ್ಪನ ಬಟ್ಟೆ, ಚಪ್ಪಲಿ, ವಾಚು ಮಾಮಿಯ ಕೈಗೆ ಬಂದವು. ವಾಚನ್ನು ಅವರು ನನ್ನ ಕೈಗೆ ಕಟ್ಟಿದರು. ಅದು ಮೊಣಕೈವರೆಗೆ ಜಾರಿತು.

ಬೊಂಬಾಯಿಯಿಂದ ಪ್ರಭಾಕರ ಬರುವವರೆಗೆ ಕಾದರು. ಬೆಂಕಿ ಕೊಡಬೇಕಾದವನು ಅವನೇ, ಅಳಿಯ. ನನ್ನಂಥ ಮಗಳ ಮಾತು ಬಿಡಿ, ಮಗ ಇದ್ದಿದ್ದರೂ ಬದಿಗೆ ನಿಲ್ಲಬೇಕಿತ್ತು. ಹೆಂಗಸರು ಅಲ್ಲಿಗೆ ಹೋಗುವ ಹಾಗಿಲ್ಲ. ನಾನು ಅಟ್ಟಕ್ಕೆ ಹತ್ತಿ, ಕಿರುಗುಟ್ಟುವ ಹಲಗೆ ಬಿಟ್ಟು ಪಕ್ಕದ ಹಲಗೆಯ ಮೇಲೆ ನಿಂತು, ಕಿಂಡಿಯಲ್ಲಿ ನೋಡಿದೆ. ಗದ್ದೆಯ ಬದಿಯಲ್ಲಿ ಮಾವಿನ ಕಟ್ಟಿಗೆ ಉರಿಯುತ್ತಿತ್ತು. ಪ್ರಭಾಕರನಿಗೆ ಪಂಚೆ ಉಟ್ಟು ಅಭ್ಯಾಸವಿರಲಿಲ್ಲ. ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿದ್ದ. ಅದನ್ನು ಅನುಕರಿಸಿ ತೋರಿಸಿದರೆ ಅಪ್ಪ ಎಷ್ಟು ನಗುತ್ತಿದ್ದರು ಎಂದು ಯೋಚಿಸಿದ್ದು ನೆನಪುಂಟು. ಆಮೇಲಿನದ್ದು ನೆನಪಿಲ್ಲ.

ಬೊಜ್ಜ, ಎಂದರೆ ಉತ್ತರಕ್ರಿಯೆಯ ಊಟ, ಆದ ದಿನ ಕಾರ್ಕಳದಿಂದ ಸೋದರಮಾವ ಕಾರು ಮಾಡಿಕೊಂಡು ಬಂದರು. ಗಂಡನ ಬೊಜ್ಜ ಮುಗಿದ ಮೇಲೆ ಹೆಂಗಸು ಮಕ್ಕಳೊಂದಿಗೆ ತನ್ನ ಮನೆಗೆ ಹೋಗಬೇಕು, ಅದು ಕಟ್ಟು. ಮಾಮಿ ಅಮ್ಮನ ಕೈ ಹಿಡಿದು, “ಇರುವುದಾದರೆ ಇರು” ಎಂದರು. ಆ ‘ಆದರೆ’ ಇತ್ತಲ್ಲ, ಅದು ಬಾಗಿಲಿನ ಅಗಳಿಯ ಹಾಗೆ ಕೇಳಿಸಿತು.

ಹಿತ್ತಿಲಿನಲ್ಲಿ ಮಾವ ಸ್ವರ ತಗ್ಗಿಸಿ ಅಮ್ಮನಿಗೆ ಹೇಳಿದರು: “ಈಗ ಕಾನೂನು ಬೇರೆ ಉಂಟು. ಭಾವನ ಪಾಲು ನಿನಗೂ ಮಗಳಿಗೂ ಬರ್ತದೆ. ವಕೀಲರ ಹತ್ರ ಮಾತಾಡ್ಲಾ?”

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನಾಳೆ ನಿನಗೆ ಹೆಚ್ಚುಕಡಿಮೆ ಆದರೆ ನಿನ್ನ ಹೆಂಡತಿ ನನ್ನ ಮನೆಯಲ್ಲಿ ಪಾಲು ಕೇಳ್ಬಹುದಾ ಅಣ್ಣ?”

ಮಾವ ಕಾರಿನ ಡಿಕ್ಕಿ ತೆರೆಯಲು ಹೋದರು.

ಘಟ್ಟದ ಸರ್ ಊಟಕ್ಕೆ ಬಂದಿದ್ದರು. ನಮ್ಮ ಟ್ರಂಕು ಹೊರಗೆ ಬರುವುದನ್ನು ನೋಡಿ ನನ್ನ ಹತ್ತಿರ ಬಂದರು. ಆ ದಿನವೂ ಪಶ್ಚಿಮದ ಗಾಳಿ. ಕರ್ಚೀಫು ಕೈಯಲ್ಲೇ ಇತ್ತು, ಮೂಗಿಗೆ ಹಿಡಿದಿರಲಿಲ್ಲ.

“ನೀವ್ಯಾಕಮ್ಮ ಹೋಗ್ಬೇಕು? ಇದು ನಿಮ್ಮಪ್ಪನ ಮನೆ ಅಲ್ವೇ?”

“ಇಂಗ್ಲಿಷಿನಲ್ಲಿ ಮಾತ್ರ ಸರ್,” ಎಂದೆ.

ನಾನು ಹೇಳಿದ ಜೋಕಿಗೆ ಯಾರೂ ನಗದೆ ಇದ್ದದ್ದು ಅದೇ ಮೊದಲು.

ಕಾರ್ಕಳದ ಮನೆಯ ಮೆಟ್ಟಿಲಿನಲ್ಲಿ ಮಾವನ ಹೆಂಡತಿ ನಿಂತಿದ್ದರು. ನಾನು ಅತ್ತೆ ಎಂದು ಕರೆಯುವವರು, ವನಿತಾಳ ತಾಯಿ. ಅವರ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ಬೆಲ್ಲ. ಆ ಮನೆ ಅಜ್ಜಿಯದ್ದು. ಅಜ್ಜಿಯ ನಂತರ ಅಮ್ಮನದ್ದು. ಅಮ್ಮನ ನಂತರ, ನಂಬಿದರೆ ನಂಬಿ, ಈ ಕೋಡಂಗಿಯದ್ದು. ಅತ್ತೆ ಅಲ್ಲಿ ಮದುವೆಯಾಗಿ ಬಂದು ಇದ್ದವರು, ಅಮ್ಮ ಕಾಪುವಿನಲ್ಲಿ ಇದ್ದ ಹಾಗೆ.

ಅಮ್ಮ ತಟ್ಟೆಯನ್ನು ನೋಡಿದಳು. “ನನಗೆ ಬೆಲ್ಲವಾ ಅತ್ತಿಗೆ?”

“ಅಲ್ಲ, ದೂರದಿಂದ ಬಂದದ್ದಲ್ವಾ, ಬಾಯಾರಿರಬಹುದು ಅಂತ...” ಅತ್ತೆಯ ಕೈಯ ಚೊಂಬು ತುಳುಕಿ ನೀರು ಮೆಟ್ಟಿಲಿಗೆ ಚೆಲ್ಲಿತು. ಅವರಿಗೆ ಸೊಕ್ಕು ಎಂದು ಆಗ ಅಂದುಕೊಂಡೆ. ಅದು ಹೆದರಿಕೆ ಎಂದು ತಿಳಿಯಲು ನನ್ನಂಥ ಜಾಣೆಗೆ ವರ್ಷಗಳೇ ಬೇಕಾದವು. ಅಮ್ಮ ಚೊಂಬು ತೆಗೆದುಕೊಂಡು ಕಾಲು ತೊಳೆದುಕೊಂಡಳು, ನೇರ ಅಡಿಗೆಮನೆಗೆ ಹೋದಳು. ಬೆಲ್ಲ ನಾನು ತಿಂದೆ. ಯಾರಾದರೂ ತಿನ್ನಬೇಕಲ್ಲ.

ಅದಾಗಿ ನಾಲ್ಕು ವರ್ಷ. ಮಾವ ಕಳೆದ ತಿಂಗಳು ಎದೆ ಹಿಡಿದುಕೊಂಡು ಮಣಿಪಾಲಕ್ಕೆ ಹೋಗಿ ಬಂದದ್ದಾಯಿತು. ಈಗ ಹುಷಾರಿದ್ದಾರೆ, ಮೆಟ್ಟಿಲು ಹತ್ತಬಾರದು, ಸಿಟ್ಟು ಮಾಡಬಾರದು. ನನ್ನ ಕಾರಣದಿಂದ ಎರಡನೆಯದು ಕಷ್ಟ. ಅಂದಿನಿಂದ ಅತ್ತೆ ಪೆರ್ಡೂರಿನ ತಮ್ಮ ತಾಯಿಮನೆಗೆ ಹೋಗುವಾಗಲೆಲ್ಲ ಚೀಲದಲ್ಲಿ ಏನಾದರೂ ಒಂದನ್ನು ತೆಗೆದುಕೊಂಡು ಹೋಗುತ್ತಾರೆ. ಮದುವೆಯಲ್ಲಿ ತಂದ ಹಿತ್ತಾಳೆ ತಂಬಿಗೆ, ದೀಪ, ವನಿತಾಳ ತೊಟ್ಟಿಲಿನ ಸರಪಳಿ. ಎಲ್ಲ ಅವರದ್ದೇ. ಬರುವಾಗ ಚೀಲ ಖಾಲಿ. ಅಮ್ಮ ಜಗಲಿಯಲ್ಲಿ ನಿಂತು ನೋಡುತ್ತಾಳೆ, “ಜಾಗ್ರತೆ ಹೋಗಿ ಬನ್ನಿ ಅತ್ತಿಗೆ” ಎನ್ನುತ್ತಾಳೆ. ಇರಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಹೇಳಲು ಅವಳಿಗೆ ಗೊತ್ತಿರುವುದು ‘ಇರುವುದಾದರೆ ಇರು’ ಎಂಬ ಒಂದೇ ಮಾತು. ಅದು ಕಿವಿಗೆ ಹೇಗೆ ಕೇಳಿಸುತ್ತದೆ ಎಂದೂ ಅವಳಿಗೇ ಗೊತ್ತು.

ಅಂಗಳದಿಂದ ವನಿತಾ ಓಡಿ ಬಂದಳು. “ಬಾಯಿಪಾಠ ಆಯ್ತು ಅಕ್ಕಾ, ಕೇಳು.” ಚಾವಡಿಯ ನಡುವೆ ನಿಂತು, ನಾನು ಹೇಳಿಕೊಡದಿದ್ದರೂ ಎರಡೂ ಕೈ ಹಿಂದೆ ಕಟ್ಟಿದಳು. ಮಾವ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಅಮ್ಮ ಬೆಲ್ಲದ ತಟ್ಟೆ ತಾನೇ ತೆಗೆಯಲು ಬಂದಿದ್ದಳು. ಒಳಗೆ ಅತ್ತೆ ಸಾರು ತಿರುವುತ್ತಿದ್ದರು; ಸೌಟು ಪಾತ್ರೆಗೆ ತಾಗುವ ಸದ್ದು ಕೇಳುತ್ತಿತ್ತು.

“ಮೈ ಫಾದರ್ಸ್ ಹೌಸ್ ಈಸ್ ಎ ಬಿಗ್ ಹೌಸ್,” ಎಂದಳು ವನಿತಾ. “ದಿ ಹೌಸ್ ಈಸ್ ಇನ್ ಕಾರ್ಕಳ.”

ಸೌಟಿನ ಸದ್ದು ನಿಂತಿತು. ಅತ್ತೆಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಅಮ್ಮನಿಗಂತೂ ಆ ವಾಕ್ಯ ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ಮಾವ ಕಣ್ಣು ತೆರೆಯಲಿಲ್ಲ, ರೆಪ್ಪೆ ಅಲ್ಲಾಡಿತು.

“ಸರಿ ಉಂಟಾ ಅಕ್ಕಾ?”

ಅಪ್ಪನ ಮಾತು ಹಾಗೆಯೇ ನಾಲಿಗೆಯ ತುದಿಗೆ ಬಂತು. ಅದರ ಮೊದಲ ಪದವನ್ನು ನುಂಗಿದೆ.

“ಸರಿ ಉಂಟು,” ಎಂದೆ, ಅಡಿಗೆಮನೆಗೆ ಕೇಳಿಸುವ ಹಾಗೆ.

ಅಮ್ಮ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಇರುವೆಗಳು ಅವಳ ಕೈಗೆ ಹತ್ತತೊಡಗಿದ್ದವು. ಅವಳು ಕೊಡವಲಿಲ್ಲ. ಒಳಗೆ ಸೌಟಿನ ಸದ್ದು ಮತ್ತೆ ಶುರುವಾಗಲಿ ಎಂದು ನಾವೆಲ್ಲ ಕಾಯುತ್ತಿದ್ದೆವು.